ಏನೂ ಇಲ್ಲದಿದ್ದರೆ ಅಮೆರಿಕದ ಸೇನೆ ಯಾಕೆ ಮುಚ್ಚಿಟ್ಟಿತು?

ಆಕಾಶದ ಬಗ್ಗೆ ಬರೆಯುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ‘ಹಾರುವ ತಟ್ಟೆ ಅನ್ನೋದೆಲ್ಲ ಸುಳ್ಳಾದರೆ ಅಮೆರಿಕದ ವಾಯುಪಡೆ ಅಷ್ಟು ವರ್ಷ ತನಿಖೆ ಮಾಡಿದ್ದು ಯಾಕೆ? ಮುಚ್ಚಿಟ್ಟಿದ್ದು ಯಾಕೆ?’

ಮುಚ್ಚಿಟ್ಟಿದ್ದು ನಿಜ. ಆದರೆ ಅವರು ಮುಚ್ಚಿಟ್ಟಿದ್ದು ತಮ್ಮದೇ ಸಾಮಾನನ್ನು.

1948ರ ಜನವರಿ 7ರಂದು ಕೆಂಟಕಿಯ ಗಾಡ್‌ಮನ್ ವಾಯುನೆಲೆಯವರಿಗೆ ಹಾಡಹಗಲೇ ಆಕಾಶದಲ್ಲಿ ದುಂಡಗಿನ ಬಿಳೀ ವಸ್ತುವೊಂದು ಕಂಡಿತು. ಆ ಕಡೆ ಮಸ್ಟಾಂಗ್ ವಿಮಾನಗಳಲ್ಲಿ ಹೊರಟಿದ್ದ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ತಂಡಕ್ಕೆ, ಅದೇನೆಂದು ನೋಡಿ ಅಂದರು. ಜೊತೆಯವರು ಒಂದು ಎತ್ತರಕ್ಕೆ ಹೋಗಿ ವಾಪಸಾದರು. ಮ್ಯಾಂಟೆಲ್ ಮಾತ್ರ ಆಮ್ಲಜನಕದ ವ್ಯವಸ್ಥೆಯೇ ಇಲ್ಲದೆ 20,000 ಅಡಿ ದಾಟಿ ಏರುತ್ತಲೇ ಹೋದರು. ಪ್ರಜ್ಞೆ ತಪ್ಪಿರಬೇಕು. ವಿಮಾನ ಫ್ರಾಂಕ್ಲಿನ್ ಊರಿನ ಬಳಿ ಬಿದ್ದು ಅವರು ತೀರಿಕೊಂಡರು.

ವಾಯುಪಡೆ ಮೊದಲು ಕೊಟ್ಟ ಕಾರಣ ಶುಕ್ರಗ್ರಹ! ಮಟಮಟ ಮಧ್ಯಾಹ್ನ ಶುಕ್ರ ಕಂಡರೂ ಸೂಜಿಮೊನೆಯಷ್ಟು. ಜನ ನಂಬಲಿಲ್ಲ, ನಂಬದಿದ್ದದ್ದೇ ಸರಿ. ಇಂದು ಹೆಚ್ಚಿನವರು ಒಪ್ಪುವ ಉತ್ತರ ಸ್ಕೈಹುಕ್ ಬಲೂನು. ತೆಳು ಪ್ಲಾಸ್ಟಿಕ್ಕಿನದು, ಅಗಲ ಸುಮಾರು 100 ಅಡಿ. ವಿಮಾನಗಳಿಗೆ ಎಟುಕದ ಎತ್ತರದಲ್ಲಿ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ನೌಕಾಪಡೆಯ ಗುಟ್ಟಿನ ಯೋಜನೆ ಅದು. ಮ್ಯಾಂಟೆಲ್‌ಗೂ ಗೊತ್ತಿಲ್ಲ, ಕೆಳಗೆ ನಿಂತು ನೋಡಿದವರಿಗೂ ಗೊತ್ತಿಲ್ಲ.

ಹಾರುವ ತಟ್ಟೆ ಬಿತ್ತೆಂದು ಜನ ಹೇಳುವ ಅಮೆರಿಕದ ರಾಸ್‌ವೆಲ್ ಊರಿನ ಕಥೆಯೂ ಹೀಗೇ. 1947ರಲ್ಲಿ ಸಿಕ್ಕ ಚೂರುಗಳು ಹವಾಮಾನ ಬಲೂನಿನವು ಅಂದರು. ಬಲೂನು ಹೌದು, ಹವಾಮಾನದ್ದಲ್ಲ. ಸೋವಿಯತ್ ಅಣುಪರೀಕ್ಷೆಯ ಸದ್ದನ್ನು ದೂರದಿಂದಲೇ ಹಿಡಿಯಲು ಮಾಡಿದ ಮೊಗಲ್ ಯೋಜನೆಯದು. ವಾಯುಪಡೆ ಇದನ್ನು ಬಾಯಿಬಿಟ್ಟು ಹೇಳಿದ್ದು 1994ರಲ್ಲಿ.

1955ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಯು-2 ಬೇಹುಗಾರಿಕೆ ವಿಮಾನದ ಹಾರಾಟ ಶುರುವಾಯಿತು. ಪ್ರಯಾಣಿಕರ ವಿಮಾನಗಳು ಆಗ 10ರಿಂದ 20 ಸಾವಿರ ಅಡಿಯಲ್ಲಿ ಹಾರುತ್ತಿದ್ದವು. ಇದು 60 ಸಾವಿರ ಅಡಿಗೂ ಮೇಲೆ. ಸಂಜೆ ಕೆಳಗಿನ ಪೈಲಟ್‌ಗೆ ಸೂರ್ಯ ಮುಳುಗಿದ್ದರೂ ಮೇಲಿನ ಬೆಳ್ಳಿಬಣ್ಣದ ರೆಕ್ಕೆಗೆ ಬಿಸಿಲು ಇನ್ನೂ ಬೀಳುತ್ತಿತ್ತು. ಕತ್ತಲಾಗುತ್ತಿರುವ ಆಕಾಶದಲ್ಲಿ ಬೆಂಕಿಯಂಥದ್ದೇನೋ ಕಂಡರೆ ಯಾರಾದರೂ ವರದಿ ಮಾಡದೆ ಇರ್ತಾರಾ? ಹಾರುವ ತಟ್ಟೆಯ ವರದಿಗಳನ್ನು ಪರಿಶೀಲಿಸುತ್ತಿದ್ದ ವಾಯುಪಡೆಯ ‘ಬ್ಲೂ ಬುಕ್’ ತನಿಖೆಯವರು ಸಿಐಎಯವರನ್ನು ಕೇಳಿ, ಹಾರಾಟದ ದಾಖಲೆಗೆ ತಾಳೆ ಹಾಕುತ್ತಿದ್ದರು. ತಾಳೆಯಾದರೂ ಪತ್ರ ಬರೆದವರಿಗೆ ನಿಜ ಹೇಳುವಂತಿರಲಿಲ್ಲ. ಆ ಕಾಲದ ವರದಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಥ ವಿಮಾನಗಳವೇ ಎಂದು ಸಿಐಎ ಆಮೇಲೆ ಹೇಳಿಕೊಂಡಿತು. ನನಗಂತೂ ಆ ಲೆಕ್ಕ ಸ್ವಲ್ಪ ಅತಿ ಅನಿಸುತ್ತದೆ. ನಕ್ಷತ್ರ, ಗ್ರಹ, ಉಲ್ಕೆ, ಮಾಮೂಲಿ ವಿಮಾನಗಳ ಪಾಲೂ ಸಾಕಷ್ಟಿತ್ತು.

ಇನ್ನು ತನಿಖೆ ಯಾಕೆ ಅಂದರೆ, ಹೆದರಿಕೆ ಇದ್ದದ್ದು ಮಾಸ್ಕೋದ್ದು. 1953ರಲ್ಲಿ ಸಿಐಎ ಕೂರಿಸಿದ ರಾಬರ್ಟ್‌ಸನ್ ಸಮಿತಿಯ ಚಿಂತೆ ಕೂಡ ಅದೇ: ಸುಮ್‌ಸುಮ್ನೆ ಬರುವ ವರದಿಗಳಿಂದ ಸಂಪರ್ಕದ ದಾರಿಯೆಲ್ಲ ಕಟ್ಟಿಕೊಂಡರೆ ನಿಜವಾದ ದಾಳಿಯ ಸುದ್ದಿ ಹೇಗೆ ತಲುಪೀತು?

1969ರ ಕೊನೆಗೆ ಬ್ಲೂ ಬುಕ್ ಮುಚ್ಚಿದಾಗ ಒಟ್ಟು 12,618 ವರದಿಗಳಲ್ಲಿ 701 ಬಗೆಹರಿಯದೆ ಉಳಿದಿದ್ದವು. ‘ನೋಡಿದ್ರಾ, 701!’ ಅನ್ನುತ್ತಾರೆ. ಸರಿ, ಉಳಿದಿವೆ. ಯಾವ ಊರಿನ ಪೊಲೀಸ್ ಠಾಣೆಯಲ್ಲಿ ಬಗೆಹರಿಯದ ಕೇಸುಗಳಿಲ್ಲ? ಅಷ್ಟಕ್ಕೇ ಕಳ್ಳ ಬೇರೆ ಗ್ರಹದವನು ಅಂತ ಯಾರೂ ಬರೆದುಕೊಳ್ಳುವುದಿಲ್ಲ.