ಮೋಟರ್ ತಿರುಗಿತು, ಟ್ಯೂಬ್ ಅಲ್ಲಾಡಲಿಲ್ಲ

2025 ಜನವರಿ 25, ಶನಿವಾರ

ಮೂರು ರಾತ್ರಿಯಿಂದ ತಲೆ ತಿನ್ನುತ್ತಿದ್ದ ನನ್ನ ಟೆಲಿಸ್ಕೋಪಿನ ಫೋಕಸ್ ತೊಂದರೆ ಇವತ್ತು ಸಿಕ್ಕಿಬಿತ್ತು.

ಆಟೋಫೋಕಸ್ ಓಡಿಸಿದರೆ ಸಾಫ್ಟ್‌ವೇರ್ ಮೋಟರ್ ತಿರುಗಿಸಿ ಫೋಕಸರ್ ಅನ್ನು, ಅಂದರೆ ಕ್ಯಾಮೆರಾ ಹಿಡಿದ ಟ್ಯೂಬನ್ನು, ಹಂತ ಹಂತವಾಗಿ ಸರಿಸುತ್ತಾ ನಕ್ಷತ್ರ ಎಷ್ಟು ಚೂಪಾಗಿದೆ ಅಂತ ಅಳೆದು ಗ್ರಾಫ್ ಹಾಕುತ್ತೆ. ಆ ಗ್ರಾಫ್ ಚೆನ್ನಾಗಿಯೇ ಬರುತ್ತಿತ್ತು. ವಿ ಆಕಾರ, ತಳದಲ್ಲಿ ಎಚ್‌ಎಫ್‌ಆರ್ 2.1 ಪಿಕ್ಸೆಲ್. ನಕ್ಷತ್ರದ ಅರ್ಧ ಬೆಳಕು ಎಷ್ಟು ಚಿಕ್ಕ ವೃತ್ತದೊಳಗೆ ಕೂತಿದೆ ಅನ್ನೋದರ ಅಳತೆ ಅದು, ಕಡಿಮೆ ಇದ್ದಷ್ಟೂ ಒಳ್ಳೇದು. ಆದರೆ ಎಲ್ಲಾ ಮುಗಿದ ಮೇಲೆ ಫೋಟೋ ತೆಗೆದರೆ 3.5! ಮೋಟರನ್ನು ಫೋಕಸರ್‌ಗೆ ಜೋಡಿಸೋ ಕಪ್ಲರ್‌ನ ಪುಟ್ಟ ಸ್ಕ್ರೂ ಸಡಿಲ ಇರಬೇಕು ಅಂತ ಬಿಗಿ ಮಾಡಿದೆ. ಏನೂ ಬದಲಾಗಲಿಲ್ಲ.

ಇವತ್ತು ಗ್ರಾಫ್ ದೊಡ್ಡದು ಮಾಡಿ ನೋಡಿದಾಗ ಎಡ ಬಲ ಎರಡೂ ಕಡೆ ಒಂದೇ ಥರ ಇಲ್ಲ ಅಂತ ಕಂಡಿತು. ಶುರುವಿನ ನಾಲ್ಕು ಚುಕ್ಕೆ ಒಂದೇ ಎತ್ತರದಲ್ಲಿ ಸಾಲಾಗಿ ಕೂತಿವೆ, ಆಮೇಲಷ್ಟೇ ಇಳಿಜಾರು. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಮೋಟರಿನ 15 ಸ್ಟೆಪ್, ಅಂದರೆ 15 ಪುಟ್ಟ ಹೆಜ್ಜೆ. ಅಂದರೆ ಮೋಟರ್ 45 ಸ್ಟೆಪ್ ತಿರುಗಿದೆ, ಫೋಕಸರ್ ಟ್ಯೂಬ್ ಮಾತ್ರ ಇದ್ದಲ್ಲೇ ಇದೆ. ಬ್ಯಾಕ್‌ಲ್ಯಾಶ್! ದಿಕ್ಕು ಬದಲಾದಾಗ ಗೇರ್ ಹಲ್ಲುಗಳ ನಡುವಿನ ಸಂದು ತುಂಬೋವರೆಗೂ ಸುಮ್ನೆ ತಿರುಗುತ್ತೆ.

ನನ್ನದು 80 ಮಿಲಿಮೀಟರ್ ರಿಫ್ರ್ಯಾಕ್ಟರ್ (ಲೆನ್ಸಿನ ಟೆಲಿಸ್ಕೋಪ್), ಎಫ್/6, ಅಂದರೆ ಫೋಕಲ್ ಲೆಂಥ್ ಲೆನ್ಸಿನ ಅಗಲದ ಆರು ಪಟ್ಟು. ಅದರಲ್ಲಿ ಫೋಕಸ್ ಚೂಪಾಗಿ ಉಳಿಯುವ ಜಾಗ ಒಟ್ಟು ಸುಮಾರು 90 ಮೈಕ್ರಾನ್, ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಅಲ್ಲ. ಒಂದು ಸ್ಟೆಪ್‌ಗೆ ಟ್ಯೂಬ್ 4 ಮೈಕ್ರಾನ್ ಸರಿಯುತ್ತೆ, ಹಾಗಾಗಿ ನನಗಿರೋದು 22 ಸ್ಟೆಪ್ ಜಾಗ. ಸಂದು ಅದಕ್ಕಿಂತ ಎರಡು ಪಟ್ಟು! ಸಾಫ್ಟ್‌ವೇರ್ ಹೊರಗಿನಿಂದ ಒಳಕ್ಕೆ ಅಳೆಯುತ್ತಾ ಬಂದು, ಒಳ್ಳೆ ಜಾಗ ಯಾವುದು ಅಂತ ಸರಿಯಾಗಿಯೇ ಲೆಕ್ಕ ಹಾಕಿ, ಅಲ್ಲಿಗೆ ಹೋಗೋಕೆ ಹೊರಕ್ಕೆ ತಿರುಗುತ್ತಿತ್ತು, ಅಲ್ಲೇ ಎಡವುತ್ತಿದ್ದದ್ದು. ಪರದೆ ಮೇಲಿನ ನಂಬರ್ ಮೋಟರಿನದು, ಟ್ಯೂಬಿನದಲ್ಲ ಅಲ್ವಾ.

ಪರಿಹಾರ ಸುಲಭ. ಹೊರಕ್ಕೆ ಹೋಗಬೇಕಾದಾಗಲೆಲ್ಲ 100 ಸ್ಟೆಪ್ ಜಾಸ್ತಿ ಹೋಗಿ, ಮತ್ತೆ ಒಳಕ್ಕೆ ಬಂದು ನಿಲ್ಲುವಂತೆ ಸೆಟ್ಟಿಂಗ್ ಹಾಕಿದೆ. ಕೊನೆಯ ಚಲನೆ ಯಾವಾಗಲೂ ಒಳಕ್ಕೇ. ಟೆಲಿಸ್ಕೋಪ್ ಮೇಲಕ್ಕೆ ನೋಡುವಾಗ ಒಳಕ್ಕೆ ಅಂದರೆ ಕ್ಯಾಮೆರಾವನ್ನು ಎತ್ತುವುದು, ಆಗ ಅದರ ಭಾರವೇ ಗೇರ್ ಹಲ್ಲುಗಳನ್ನು ಒತ್ತಿ ಹಿಡಿಯುತ್ತೆ. ಮತ್ತೆ ಓಡಿಸಿದೆ. ತಳದಲ್ಲೂ 2.1, ಫೋಟೋದಲ್ಲೂ 2.1.

ಒರಾಯನ್ ನೆಬ್ಯುಲಾ ಕಡೆ ತಿರುಗಿಸಿ 2 ಸೆಕೆಂಡಿನ ಒಂದು ಫೋಟೋ ತೆಗೆದೆ. ಮೊನ್ನೆಯವರೆಗೆ ನಡುವೆ ಒಂದೇ ಬಿಳಿ ಮುದ್ದೆಯಾಗಿದ್ದ ಟ್ರೆಪೀಸಿಯಂ ಅನ್ನೋ ನಕ್ಷತ್ರ ಗುಂಪು ಈಗ ನಾಲ್ಕು ನಕ್ಷತ್ರ, ಮಧ್ಯೆ ಕತ್ತಲು ಕಾಣುವಷ್ಟು ಬಿಡಿಬಿಡಿ. ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ ಗೊತ್ತಿಲ್ಲ.

9 ಗಂಟೆಗೆ 14 ಡಿಗ್ರಿ ಇದ್ದದ್ದು ಮಧ್ಯರಾತ್ರಿಗೆ 9ಕ್ಕೆ ಇಳಿಯಿತು. ಅಲ್ಯೂಮಿನಿಯಂ ಮೀಟರಿಗೆ ಡಿಗ್ರಿಗೆ 23 ಮೈಕ್ರಾನ್ ಕುಗ್ಗುತ್ತೆ, ಅರ್ಧ ಮೀಟರಿಗಿಂತ ಚಿಕ್ಕದಾದ ನನ್ನ ಟೆಲಿಸ್ಕೋಪಿನ ದೊಡ್ಡ ಟ್ಯೂಬಿಗೆ 10 ಅಂತ ಹಿಡಿದರೂ 5 ಡಿಗ್ರಿಗೆ 50 ಆಯ್ತು. 90ರ ಜಾಗದ ನಡುವಿನಿಂದ ಅಂಚು ದಾಟೋಕೆ ಅಷ್ಟು ಸಾಕು. ಅದಕ್ಕೇ 2 ಡಿಗ್ರಿ ಇಳಿದಾಗಲೆಲ್ಲ ಆಟೋಫೋಕಸ್ ತಾನೇ ಓಡಲಿ ಅಂತ ಇಟ್ಟಿದ್ದೆ. ಕೊನೆಯ ಸಲ 2.2 ಬಂತು. 90 ಸೆಕೆಂಡಿನ ಫ್ರೇಮ್‌ಗಳು ಇನ್ನೂ ಬರುತ್ತಿವೆ.