ಅಜ್ಜಗೆ ಈಜು ಬರ್ತಿತ್ತಲ್ಲ?

ಮೊನ್ನೆ ಟ್ರ್ಯಾಮು ಮರ್ಸಿ ನದಿ ದಾಟುವಾಗ ಎಂಟು ವರ್ಷದ ಮಗಳು ಕೇಳಿದಳು: "ಅಜ್ಜಗೆ ಈಜು ಬರ್ತಿತ್ತಲ್ಲಮ್ಮ? ಮತ್ಯಾಕೆ ಹಸುವಿನ ಬಾಲ ಹಿಡೀಬೇಕು?"

ಹಿಂದಿನ ರಾತ್ರಿ ವೈತರಣಿಯ ಕಥೆ ಹೇಳಿದ್ದೆ: ಯಮಲೋಕದ ದಾರಿಯಲ್ಲಿ, ದಾನ ಕೊಟ್ಟ ಹಸುವಿನ ಬಾಲ ಹಿಡಿದು ಸತ್ತವರು ದಾಟುವ ನದಿ. ತಪ್ಪು ನನ್ನದೇ.

'ಕರ್ನಾಟಕದ ಮ್ಯಾಂಚೆಸ್ಟರ್' ದಾವಣಗೆರೆಯಿಂದ ಅಸಲಿ ಮ್ಯಾಂಚೆಸ್ಟರ್‌ಗೆ ಬಂದವಳು ನಾನು. ಅಪ್ಪ ಹೋಗಿ ಐದು ತಿಂಗಳಾಯಿತು. ಮಂಡಿಪೇಟೆಯ ಅಡತಿ ಅಂಗಡಿಯಲ್ಲಿ ನಲವತ್ತು ವರ್ಷ ಲೆಕ್ಕ ಬರೆದವರು, ಹರಿಹರದ ಹೊಳೆಯಲ್ಲಿ ಈಜು ಕಲಿತವರು. ಮಳೆಗಾಲದ ತುಂಗಭದ್ರೆಯಲ್ಲಿ ಆಚೆ ದಡ ಮುಟ್ಟಿ ಬಂದಿದ್ದೆ ಅಂತ ಕೊಚ್ಚಿಕೊಳ್ಳೋರು. "ಬೇಸಿಗೆ ಇರಬೇಕು" ಅನ್ನೋಳು ಅಮ್ಮ.

ನಾನು ಊರು ಮುಟ್ಟಿದ್ದು ನಾಲ್ಕನೇ ದಿನ. ಮನೆಯಲ್ಲಿ ಗರುಡಪುರಾಣ ಓದಿಸುತ್ತಿದ್ದರು. ದಿನಕ್ಕೊಂದು ಪಿಂಡದಿಂದ ಪ್ರೇತಕ್ಕೆ ಒಂದೊಂದೇ ಅಂಗ ಮೂಡುತ್ತದಂತೆ: ಮೊದಲ ದಿನ ತಲೆ, ಎರಡನೇ ದಿನ ಕುತ್ತಿಗೆ, ಹೆಗಲು, ಮೂರನೇ ದಿನ ಎದೆ. ನಾನು ಹೊಸಿಲು ದಾಟುವಷ್ಟರಲ್ಲಿ ಅಪ್ಪನಿಗೆ ಎದೆ ಮೂಡಿಯಾಗಿತ್ತು. ನನಗೆ ಸಿಕ್ಕಿದ್ದು ಬೆನ್ನು. ಕೇಳಲಾಗದೆ ಹಿತ್ತಲಿಗೆ ಎದ್ದುಹೋದೆ. ಹತ್ತನೇ ದಿನಕ್ಕೆ ಹಸಿವು, ಬಾಯಾರಿಕೆ.

ಪಿಂಡ ಇಟ್ಟವನು ಅಣ್ಣ. ಹೆಣ್ಣುಮಗಳು ನಾನು, ಗೋಡೆಗೊರಗಿ ನೋಡಿದೆ. ಗೋದಾನದ ಸರದಿ ಬಂದಾಗ ಆಚಾರ್ರು, "ಹಸು ಎಲ್ಲಿ ಹುಡುಕ್ತೀರಿ, ತಟ್ಟೆಗೆ ದಕ್ಷಿಣೆ ಹಾಕಿಬಿಡಿ" ಅಂದರು. ನೋಟಿಗೆ ಬಾಲ ಎಲ್ಲಿರುತ್ತೆ ಅಂತ ಯಾರೂ ಕೇಳಲಿಲ್ಲ. ಸಮಾರಾಧನೆಗೆ ಚಿರೋಟಿಯೋ ಲಾಡುವೋ ಅನ್ನೋದಕ್ಕೆ ಮಾತ್ರ ಎರಡು ದಿನ ಚರ್ಚೆ!

ಆಮೇಲಿನದು ದೂರದ ದಾರಿ. ಪುರಾಣದ ಲೆಕ್ಕದಲ್ಲಿ ಯಮಪುರಿಗೆ 86,000 ಯೋಜನ, ದಿನಕ್ಕೆ 247 ಯೋಜನ ನಡಿಗೆ. ಟ್ರ್ಯಾಮಿನಲ್ಲೇ ಭಾಗಿಸಿದೆ: 348 ದಿನ, ಶೇಷ 44. ಆ 44 ಎಲ್ಲಿ ಹೋಯ್ತು ಅಂತ ಅಪ್ಪ ಚಿತ್ರಗುಪ್ತನ ಖಾತೆ ಪುಸ್ತಕವನ್ನೇ ಎಳೆದುಕೊಂಡು ಕೂತಾರು. ವರ್ಷ ತುಂಬುವವರೆಗೆ ತಿಂಗಳು ತಿಂಗಳು ಮಾಡುವ ಮಾಸಿಕ ಈ ದಾರಿಗೆ ಬುತ್ತಿ.

"ಈಗ ಎಲ್ಲಿದಾರೆ?" ಅಂದಳು ಮಗಳು.

"ಇನ್ನೂ ಅರ್ಧ ದಾರಿ ಆಗಿಲ್ಲ."

ರಾತ್ರಿ ಅಣ್ಣನಿಗೆ ಫೋನು ಮಾಡಿ, ಈ ಮಾಸಿಕಕ್ಕೆ ಒಂದು ಹಿಡಿ ಖಾರದ ಮಂಡಕ್ಕಿ ಇಡೋಕಾಗುತ್ತಾ ಅಂತ ಕೇಳಿದೆ. ಈರುಳ್ಳಿ ಆಗಲ್ಲ ಅಂದ.

"ಈರುಳ್ಳಿ ಇಲ್ದೆ ಕಲಸು."

ಸ್ವಲ್ಪ ಹೊತ್ತು ಅವನ ಕಡೆಯಿಂದ ಮಾತಿಲ್ಲ.

"ಈರುಳ್ಳಿ ಇಲ್ದಿದ್ರೆ ಅಪ್ಪ ಮುಟ್ಟಲ್ಲ, ಬಿಡು."