ಐ686 ಅಂತ ಬಂದ್ರೆ ಚಿಪ್ ಹಳೇದೇ ಅಂತೇನಲ್ಲ

ಇವತ್ತು ಒಂದು ಲಿನಕ್ಸ್ ಟರ್ಮಿನಲ್‌ನಲ್ಲಿ ‘ಯುನೇಮ್ -ಎಂ’ ಕಮಾಂಡ್ ಕೊಟ್ಟಾಗ ಬಂದ ಉತ್ತರ: ಐ686, ಅಂದ್ರೆ ಇಂಟೆಲ್ ಮಾದರಿಯ 32 ಬಿಟ್.

ಅಷ್ಟಕ್ಕೇ ‘ಇದು 32 ಬಿಟ್ ಮಷೀನು’ ಅಂತ ತೀರ್ಮಾನ ಮಾಡ್ಬೇಡಿ. ಆ ಕಮಾಂಡ್ ಹೇಳೋದು ಓಡ್ತಿರೋ ಕರ್ನಲ್, ಅಂದ್ರೆ ಆಪರೇಟಿಂಗ್ ಸಿಸ್ಟಂನ ತಿರುಳು ಭಾಗದ ಬಗ್ಗೆ. ಒಳಗಿರೋ ಚಿಪ್ (ಪ್ರೊಸೆಸರ್) ಬಗ್ಗೆ ಅಲ್ಲ.

ಚಿಪ್ ಬಗ್ಗೆ ತಿಳೀಬೇಕಾ? ‘ಎಲ್ಎಸ್‌ಸಿಪಿಯು’ ಕೊಡಿ, ‘ಸಿಪಿಯು ಆಪ್-ಮೋಡ್’ ಸಾಲು ನೋಡಿ. 32, 64 ಎರಡೂ ಇದ್ರೆ ಪ್ರೊಸೆಸರ್ 64 ಬಿಟ್‌ದೇ, ಹಾಕಿರೋ ಸಿಸ್ಟಂ ಮಾತ್ರ 32.

ನನಗೆ ಇನ್ನೂ ಇಷ್ಟ ಆಗೋದು /ಪ್ರಾಕ್/ಸಿಪಿಯುಇನ್ಫೋ ಫೈಲು. ಅದರಲ್ಲಿ ಚಿಪ್ಪಿಗೆ ಏನೇನು ಬರತ್ತೆ ಅಂತ ಹೇಳೋ ‘ಫ್ಲ್ಯಾಗ್ಸ್’ ಸಾಲು ಉದ್ದಕ್ಕೆ ಹರಡ್ಕೊಂಡಿರತ್ತೆ, ನಡುವೆ ಎಲ್ಲೋ ಎರಡೇ ಅಕ್ಷರ: ‘ಎಲ್ಎಂ’. ಲಾಂಗ್ ಮೋಡ್, ಅಂದ್ರೆ 64 ಬಿಟ್. ಇಂಟೆಲ್, ಎಎಂಡಿ ಎರಡಕ್ಕೂ ಇದೇ ಗುರುತು. ಪದ ಹುಡುಕೋ ‘ಗ್ರೆಪ್’ ಕಮಾಂಡ್ ಬಳಸಿದ್ರೆ ಜೊತೆಗೆ ‘-ಡಬ್ಲ್ಯು’ ಮರೀಬೇಡಿ, ಅದು ಇಡೀ ಪದವನ್ನ ಮಾತ್ರ ಹಿಡಿಯತ್ತೆ. ಇಲ್ಲದಿದ್ರೆ ‘ಪಿಸಿಎಲ್ಎಂಯುಎಲ್‌ಕ್ಯುಡಿಕ್ಯು’ ಅನ್ನೋ ಬೇರೆ ಫ್ಲ್ಯಾಗ್ ಒಳಗಿನ ಎಲ್ಎಂ ಕೂಡ ಸಿಕ್ಕಿಹಾಕ್ಕೊಳ್ಳತ್ತೆ.

ಮೊಬೈಲ್‌ಗಳಲ್ಲಿರೋ ಥರದ ಎಆರ್‌ಎಂ ಚಿಪ್ಪಲ್ಲಿ ಈ ಗುರುತು ಹುಡುಕಬೇಡಿ, ಅಲ್ಲಿ ಆ ಸಾಲಿನ ಹೆಸರೇ ‘ಫೀಚರ್ಸ್’.

ಇನ್ನೊಂದು. ಕರ್ನಲ್ 64 ಇದ್ದು, ಮೇಲಿನ ಪ್ರೋಗ್ರಾಂಗಳೆಲ್ಲ 32 ಇರೋದೂ ಉಂಟು. ‘ಗೆಟ್‌ಕಾನ್ಫ್ ಲಾಂಗ್_ಬಿಟ್’ ಕೊಟ್ಟು ನೋಡಿ, ಎರಡನೇ ಪದ ಇಂಗ್ಲಿಷ್ ದೊಡ್ಡಕ್ಷರದಲ್ಲಿ. ಆ ಪ್ರೋಗ್ರಾಂಗಳು 32ಓ 64ಓ ಅಂತ ಬರತ್ತೆ. ಸಾಫ್ಟ್‌ವೇರ್ ಡೌನ್‌ಲೋಡ್ ಮಾಡೋ ಮುಂಚೆ ನಂಬಬೇಕಾದ್ದು ಆ ಅಂಕಿಯನ್ನ.